ಹಿತ್ತಲಲ್ಲೊಂದು ರೂಮು, ಹಾಲ್‌ನಲ್ಲಿ ಆರು ಹಾಸಿಗೆ

ಹೋದ ಸಂಚಿಕೆಯಲ್ಲಿ ಬಾಡಿಗೆ ಮನೆಯ ಬಗ್ಗೆ ಏನು ಕೇಳಬೇಕೋ ಕೇಳಿ ಅಂದಿದ್ದೆವು. ಪತ್ರಗಳು ಸಾಕಷ್ಟು ಬಂದಿವೆ. ಮಜಾ ಅಂದರೆ, ಜಾಸ್ತಿ ಪತ್ರ ಬಂದಿರುವುದು ಬಾಡಿಗೆ ಕೊಡುವವರಿಂದ, ಇಲ್ಲವೇ ಪಕ್ಕದ ಮನೆಯ ಬಾಡಿಗೆದಾರರ ಮೇಲೆ ಸಿಟ್ಟಾದವರಿಂದ. ಬಾಡಿಗೆಗೆ ಇರುವವರು ಬರೆದದ್ದು ಕಡಿಮೆ. ಅವರಿಗೆ ಪುರುಸೊತ್ತು ಎಲ್ಲಿ!

ಅಕ್ಕಾ, ನಮ್ಮದು ಹಳೇ ಬಂಗಲೆ ಸೊಸೈಟಿ. ಧಾರವಾಡದಿಂದ ಬಂದು ಕಟ್ಟಿಸಿದ ಮನೆ, ಈಗ ನಾವಿಬ್ಬರೇ. ಕಾರು ಮಾರಿ ಆಯಿತು, ಗ್ಯಾರೇಜು ಖಾಲಿ ಬಿದ್ದಿದೆ. ಅದಕ್ಕೆ ಸಣ್ಣ ಅಡುಗೆಮನೆ, ಬಾತ್‌ರೂಮ್ ಸೇರಿಸಿ ಇಬ್ಬರು ನರ್ಸಿಂಗ್ ಹುಡುಗಿಯರಿಗೆ ಕೊಡೋಣ ಅಂದುಕೊಂಡೆವು. ಸೊಸೈಟಿ ಮೀಟಿಂಗಿನಲ್ಲಿ ದೊಡ್ಡ ರಾದ್ಧಾಂತ. "ಇವತ್ತು ಒಂದು ರೂಮು, ನಾಳೆ ಹಾಸ್ಟೆಲ್ಲು" ಅಂದರು. ಎಲ್ಲರಿಗಿಂತ ಜೋರಾಗಿ ಕೂಗಿದವರ ಟೆರೇಸಿನ ಮೇಲೆ ಪತ್ರಾ (ತಗಡಿನ ಶೀಟು) ಹಾಕಿದ ರೂಮಿದೆ, ಅದರಲ್ಲಿ ನಾಲ್ಕು ಹುಡುಗರಿದ್ದಾರೆ! ಕ್ಯಾಲಿಫೋರ್ನಿಯಾದಲ್ಲಿರುವ ಮಗ ಹೇಳುತ್ತಾನೆ, ಅಲ್ಲಿ ಹೀಗೆ ದೊಡ್ಡ ಮನೆಯ ಜೊತೆ ಕಟ್ಟುವ ಸಣ್ಣ ಮನೆಗೆ ಎ.ಡಿ.ಯು. ಅಂತಾರಂತೆ, ಪಕ್ಕದ ಮನೆಯವರು ತಡೆಯೋ ಹಾಗೇ ಇಲ್ಲವಂತೆ. ಇಲ್ಲಿ ಹೇಗೆ?
— ಓದುಗರು, ಕೋಥ್ರೂಡ್, ಪುಣೆ

ನಿಮ್ಮ ಮಗ ಹೇಳಿದ್ದು ನಿಜ, ಆದರೆ ಅದು ಅವನಿರುವ ಊರಿನ ಕಾನೂನು.

ಅಲ್ಲಿಯ ಕಥೆ ಮೊದಲು ಕೇಳಿ, ಯಾಕೆಂದರೆ ನಿಮ್ಮ ಮೀಟಿಂಗಿನ ಜಗಳವೇ ಅಲ್ಲೂ ನಡೆದಿದೆ. ಕ್ಯಾಲಿಫೋರ್ನಿಯಾದ ಊರುಗಳಲ್ಲಿ ಎಷ್ಟೋ ಬಡಾವಣೆಗಳಲ್ಲಿ ಒಂದು ಸೈಟಿಗೆ ಒಂದೇ ಮನೆ ಎನ್ನುವ ನಿಯಮ ಬಹಳ ಕಾಲ ಇತ್ತು. ಹಿತ್ತಲಲ್ಲಿ ಅಜ್ಜಿಗೊಂದು ಸಣ್ಣ ಮನೆ ಕಟ್ಟಬೇಕೆಂದರೂ ನಗರಸಭೆ, ವಿಚಾರಣೆ, ಪಕ್ಕದವರ ತಕರಾರು. ಮನೆ ಬಾಡಿಗೆ ಆಕಾಶಕ್ಕೆ ಏರಿದ ಮೇಲೆ ರಾಜ್ಯ ಸರ್ಕಾರವೇ ನಡುವೆ ಬಂತು. 2016ರಲ್ಲಿ ಪಾಸಾದ ಕಾನೂನುಗಳು 2017ರಿಂದ, ಇನ್ನೂ ಬಿಗಿಯಾದವು 2020ರಿಂದ ಜಾರಿಗೆ ಬಂದವು. ನಕ್ಷೆ ನಿಯಮಕ್ಕೆ ಸರಿಯಾಗಿದ್ದರೆ 60 ದಿನದೊಳಗೆ ಅನುಮತಿ ಕೊಡಬೇಕು, ಅದಕ್ಕೆ ಊರವರ ವಿಚಾರಣೆ ಇಲ್ಲ. ಪಕ್ಕದ ಬೇಲಿಯಿಂದ ನಾಲ್ಕು ಅಡಿ ಬಿಟ್ಟು 800 ಚದರಡಿಯ ತನಕ ಕಟ್ಟುವುದಕ್ಕೆ ಊರಿನ ಆಡಳಿತ ಅಡ್ಡ ಬರುವಂತಿಲ್ಲ. ಬಸ್ಸು-ರೈಲು ಅರ್ಧ ಮೈಲಿಯೊಳಗಿದ್ದರೆ ಹೊಸ ಪಾರ್ಕಿಂಗ್ ಜಾಗ ತೋರಿಸು ಎಂದು ಕೇಳುವಂತಿಲ್ಲ. ಹಾಗಂತ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟು ದುಡ್ಡು ಮಾಡಿಕೊಳ್ಳಿ ಅಂತಲೂ ಅಲ್ಲ, 30 ದಿನಕ್ಕಿಂತ ಕಡಿಮೆಗೆ ಕೊಡಬಾರದು ಎಂದು ಊರಿನವರು ಷರತ್ತು ಹಾಕಬಹುದು.

ಬೇಡ ಅನ್ನುವವರು ಅಲ್ಲೂ ಹೇಳುವುದು ಪಾರ್ಕಿಂಗು, ಡ್ರೈನೇಜು, ಜನ ಜಾಸ್ತಿ ಆಗುತ್ತಾರೆ ಅಂತ. ಬೇಕು ಅನ್ನುವವರ ಉತ್ತರ ನನಗೆ ಹಿಡಿಸುತ್ತದೆ: ಜನ ಈಗಾಗಲೇ ಬಂದಿದ್ದಾರೆ, ಗ್ಯಾರೇಜಿನಲ್ಲಿ ಕದ್ದು ಮಲಗಿದ್ದಾರೆ, ಅವರಿಗೆ ಸರಿಯಾದ ಕಿಟಕಿ, ಸರಿಯಾದ ವೈರಿಂಗ್ ಆದರೂ ಸಿಗಲಿ. ಅಂದಹಾಗೆ ಅಮೆರಿಕದ ಜನಗಣತಿಯಲ್ಲಿ ಒಂದು ಕೋಣೆಗೆ ಒಬ್ಬರಿಗಿಂತ ಜಾಸ್ತಿ ಜನ ಇದ್ದರೆ ಆ ಮನೆ ಕಿಕ್ಕಿರಿದ ಮನೆ. ಒಂದೂವರೆ ದಾಟಿದರೆ ವಿಪರೀತ. ಅಡುಗೆಮನೆಯನ್ನೂ ಕೋಣೆ ಅಂತಲೇ ಎಣಿಸುತ್ತಾರೆ. ಆ ಲೆಕ್ಕ ಹಿಡಿದರೆ ಡೊಂಬಿವ್ಲಿಯ ಒನ್ ಆರ್‌ಕೆಯಲ್ಲಿ (ಒಂದು ಕೋಣೆ, ಒಂದು ಅಡುಗೆಮನೆ) ನಾಲ್ಕು ಜನರ ಸಂಸಾರ ಮಾಡಿದ ನಾವೆಲ್ಲ ವಿಪರೀತದವರೇ!

ಈಗ ಕೋಥ್ರೂಡ್‌ಗೆ ಬರೋಣ. ಇಲ್ಲಿ ಎ.ಡಿ.ಯು. ಅಂತ ಬೇರೆ ಕಾನೂನಿಲ್ಲ. ಪುಣೆಗೆ ಅನ್ವಯಿಸುವುದು 2020ರ ಡಿಸೆಂಬರಿನಲ್ಲಿ ಬಂದ ರಾಜ್ಯದ ಏಕೀಕೃತ ಕಟ್ಟಡ ನಿಯಮಾವಳಿ, ಆರ್ಕಿಟೆಕ್ಟುಗಳ ಬಾಯಲ್ಲಿ ಯು.ಡಿ.ಸಿ.ಪಿ.ಆರ್. ನಿಮ್ಮ ಪ್ಲಾಟಿನಲ್ಲಿ ಎಫ್‌ಎಸ್‌ಐ (ಪ್ಲಾಟಿನ ಅಳತೆಗೆ ಇಷ್ಟು ಕಟ್ಟಬಹುದು ಅನ್ನುವ ಮಿತಿ) ಉಳಿದಿದೆಯಾ, ಸೈಡ್ ಮಾರ್ಜಿನ್ ಬಿಟ್ಟು ಜಾಗ ಇದೆಯಾ ಅನ್ನುವುದೇ ಪ್ರಶ್ನೆ. ಹಳೇ ಬಂಗಲೆಗಳಲ್ಲಿ ಎಷ್ಟೋ ಸಲ ಉಳಿದಿರುತ್ತದೆ. ಆದರೆ ಗ್ಯಾರೇಜೇ ಸಿಕ್ಕಿಹಾಕಿಕೊಳ್ಳುವ ಜಾಗ. ಅದನ್ನು ಪಾರ್ಕಿಂಗ್ ಅಂತ ತೋರಿಸಿ ಎಫ್‌ಎಸ್‌ಐ ಲೆಕ್ಕದಿಂದ ಹೊರಗಿಟ್ಟಿರುತ್ತಾರೆ. ಅಲ್ಲಿ ಜನ ಮಲಗಿಸಿದ ದಿನವೇ ಉಪಯೋಗ ಬದಲಾಯಿತು, ಅದಕ್ಕೆ ಪಾಲಿಕೆಯ ಅನುಮತಿ ಬೇಕು. ಅಳತೆಯನ್ನೂ ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆ ಕಡಿಮೆ ಅಂದರೂ 9.5 ಚದರ ಮೀಟರ್ ಇರಬೇಕು, ಅಂದರೆ ನಮ್ಮ ಹತ್ತು ಬೈ ಹತ್ತರ ಖೋಲಿ. ಎತ್ತರ 2.75 ಮೀಟರ್, ಅಗಲ 2.4. ಗ್ಯಾರೇಜುಗಳು ಎತ್ತರದಲ್ಲೇ ಫೇಲ್ ಆಗುವುದು ಜಾಸ್ತಿ, ಟೇಪು ಹಿಡಿದು ಇವತ್ತೇ ನೋಡಿಬಿಡಿ.

ಸೊಸೈಟಿಯ ಮಾತು: ಪ್ಲಾಟು ಸೊಸೈಟಿಯಿಂದ ಲೀಸಿಗೆ ಬಂದದ್ದಾದರೆ ಲೀಸ್ ಡೀಡ್ ತೆಗೆದು ಓದಿ, ಹೊಸದಾಗಿ ಕಟ್ಟಲು ಅವರ ಎನ್‌ಒಸಿ ಬೇಕು ಅಂತ ಇರಬಹುದು. ಆದರೆ ಕಟ್ಟುವ ಗೋಜೇ ಬೇಡ ಅಂದರೆ ಸುಲಭದ ದಾರಿ ಇನ್ನೊಂದಿದೆ. ನಿಮ್ಮ ಮನೆಯೊಳಗಿನ ಕೆಳಗಿನ ಬೆಡ್‌ರೂಮನ್ನೇ ಆ ಹುಡುಗಿಯರಿಗೆ ಲೀವ್ ಅಂಡ್ ಲೈಸೆನ್ಸ್ (ಇಂತಿಷ್ಟು ಕಾಲ ಇರಲು ಮಾತ್ರ ಅನುಮತಿ ಕೊಡುವ ಕರಾರು) ಮಾಡಿ ಕೊಡಿ. ಗೋಡೆ ಒಡೆಯುವುದಿಲ್ಲ, ನಕ್ಷೆ ಬೇಡ. ಮನೆಯಲ್ಲಿ ಇನ್ನೆರಡು ಜೀವ ಇದ್ದ ಹಾಗೂ ಆಯಿತು. ಒಂದೇ ನಷ್ಟ, ಸ್ವಂತ ವಾಸದ ಮನೆಗೆ ಪುಣೆ ಪಾಲಿಕೆ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ಕೊಡುವ 40 ಶೇಕಡಾ ರಿಯಾಯಿತಿಗೆ ತೊಂದರೆ ಆಗಬಹುದು, ವಾರ್ಡ್ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ. ಬಾಡಿಗೆ ಆದಾಯದಲ್ಲಿ ರಿಪೇರಿ ಬಾಬ್ತು ಅಂತ 30 ಶೇಕಡಾ ಕಳೆದು ಉಳಿದದ್ದಕ್ಕೇ ಇನ್‌ಕಮ್ ಟ್ಯಾಕ್ಸು, ಹಾಗಾಗಿ ಲೆಕ್ಕ ಹಾಕಿದರೆ ಲಾಭವೇ.

ಇನ್ನು ಟೆರೇಸಿನ ಮೇಲೆ ಪತ್ರಾ ಹಾಕಿ ಕೂಗಾಡಿದವರು. ಅನಧಿಕೃತ ಅಂತ ಪಾಲಿಕೆಯವರು ಬರೆದುಕೊಂಡರೆ ದಂಡದ ತೆರಿಗೆ ಬೀಳುತ್ತದೆ, ಪಿಂಪ್ರಿ-ಚಿಂಚ್‌ವಾಡದ ಕಡೆಯವರಿಗೆ 'ಶಾಸ್ತಿ ಕರ' ಅಂದರೆ ಗೊತ್ತು. ಆ ತೆರಿಗೆ ಕಟ್ಟಿದ ಮಾತ್ರಕ್ಕೆ ರೂಮು ಅಧಿಕೃತ ಆಗುವುದಿಲ್ಲ. ದೂರು ಕೊಡಿ ಅಂತ ನಾನು ಹೇಳುತ್ತಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಪತ್ರಾದ ಕೆಳಗೆ ಮಲಗುವ ಆ ನಾಲ್ಕು ಹುಡುಗರನ್ನು ನೆನೆದರೆ ಮಾತ್ರ, ಸಭ್ಯವಾಗಿ ಅನುಮತಿ ಕೇಳಲು ಹೋದ ನಿಮ್ಮ ಮೇಲೇ ಎಲ್ಲರೂ ಮುಗಿಬಿದ್ದದ್ದು ನನಗೆ ಸಿಟ್ಟು ತರಿಸುತ್ತದೆ.

ಎಲ್ಲರೂ ಹನ್ನೊಂದು ತಿಂಗಳ ಅಗ್ರಿಮೆಂಟೇ ಯಾಕೆ ಮಾಡುತ್ತಾರೆ? ನೂರು ರೂಪಾಯಿ ಸ್ಟ್ಯಾಂಪ್ ಪೇಪರಿನಲ್ಲಿ ನೋಟರಿ ಮಾಡಿದರೆ ಸಾಲದೇ?
— ಓದುಗರು, ಡೊಂಬಿವ್ಲಿ

ಸಾಲದು. ಹನ್ನೊಂದು ತಿಂಗಳಾದರೆ ರಿಜಿಸ್ಟರ್ ಬೇಡ ಅನ್ನುವುದು ಬೇರೆ ರಾಜ್ಯಗಳಿಂದ ಬಂದ ಅಭ್ಯಾಸ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಎಷ್ಟೇ ತಿಂಗಳಿರಲಿ ಬರಹದಲ್ಲಿ ಇರಬೇಕು, ರಿಜಿಸ್ಟರ್ ಆಗಬೇಕು. ಮಾಡಿಸುವ ಜವಾಬ್ದಾರಿ ಮಾಲೀಕರದ್ದು. ಮಾಡಿಸದಿದ್ದರೆ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಜಗಳ ಬಂದರೆ ಬಾಡಿಗೆದಾರ ಹೇಳಿದ ಷರತ್ತೇ ನಿಜ ಅಂತ ಹಿಡಿಯುತ್ತಾರೆ, ಬೇರೆ ರೀತಿ ಸಾಬೀತಾಗುವ ತನಕ. ಖರ್ಚಿಗೆ ಹೆದರಬೇಡಿ. ತಿಂಗಳಿಗೆ 15,000 ಬಾಡಿಗೆ, 50,000 ಡಿಪಾಜಿಟ್ ಅಂದುಕೊಳ್ಳಿ. ಹನ್ನೊಂದು ತಿಂಗಳ ಬಾಡಿಗೆ 1,65,000, ಅದಕ್ಕೆ ಡಿಪಾಜಿಟ್ಟಿನ ಮೇಲೆ 10 ಶೇಕಡಾ ಬಡ್ಡಿ ಸೇರಿಸಿ, ಒಟ್ಟು ಮೊತ್ತದ 0.25 ಶೇಕಡಾ ಸ್ಟ್ಯಾಂಪ್ ಡ್ಯೂಟಿ. 425 ರೂಪಾಯಿ ಹತ್ತಿರ ಆಗುತ್ತದೆ. ಪಾಲಿಕೆ ಹದ್ದಿನಲ್ಲಿ ರಿಜಿಸ್ಟ್ರೇಷನ್ 1,000. ಆನ್‌ಲೈನ್‌ನಲ್ಲೇ ಆಗುತ್ತದೆ. ಏಜೆಂಟನಿಗೆ ಒಂದು ತಿಂಗಳ ಬಾಡಿಗೆ ಕೊಡುವಾಗ ಯಾರೂ ಇಷ್ಟು ಯೋಚಿಸುವುದಿಲ್ಲ, ಅಲ್ವಾ?

ನಾನು ಸೊಸೈಟಿ ಸೆಕ್ರೆಟರಿ. ಮೂರನೇ ಮಹಡಿಯ ಟೂ ಬಿಎಚ್‌ಕೆ, ಮಾಲೀಕರು ದುಬೈಯಲ್ಲಿ. ಅಗ್ರಿಮೆಂಟಿನಲ್ಲಿ ಮೂವರ ಹೆಸರು, ಒಳಗೆ ಹನ್ನೊಂದು ಜನ. ಹಾಲ್‌ನಲ್ಲೇ ಆರು ಹಾಸಿಗೆ. ಚಪ್ಪಲಿ ರಾಶಿ ಲಿಫ್ಟಿನ ಬಾಗಿಲ ತನಕ ಬರುತ್ತದೆ. ಬ್ಯಾಚಲರ್‌ಗಳಿಗೆ ಮನೆ ಕೊಡಲೇಬಾರದು ಅಂತ ಠರಾವು ಮಾಡಬಹುದಾ? ನೀರು ಬಂದ್ ಮಾಡಿದರೆ ತಾವಾಗಿಯೇ ಹೋಗುತ್ತಾರೆ ಅಂತ ಕಮಿಟಿಯಲ್ಲಿ ಕೆಲವರು ಹೇಳುತ್ತಿದ್ದಾರೆ.
— ಓದುಗರು, ಬಾಣೇರ್, ಪುಣೆ

ಸೆಕ್ರೆಟರಿ ಸಾಹೇಬರೇ, ನೀರಿನ ವಾಲ್ವಿಗೆ ಕೈ ಹಾಕಬೇಡಿ. ಸರಿಯಾದ ಕಾರಣ ಇಲ್ಲದೆ ಸ್ವಂತ ಮಾಲೀಕರೇ ಬಾಡಿಗೆದಾರರ ನೀರು-ಕರೆಂಟು ಕಡಿಯುವಂತಿಲ್ಲ ಅನ್ನುತ್ತದೆ ಅದೇ 1999ರ ಕಾಯ್ದೆಯ 29ನೇ ಕಲಮು. ಸೊಸೈಟಿ ಕಡಿದರೆ ಪೊಲೀಸರ ಮುಂದೆ ಕೈಕಟ್ಟಿ ನಿಲ್ಲಬೇಕಾದವರು ನೀವು. ಸೊಸೈಟಿಗಳ ಮಾದರಿ ನಿಯಮಾವಳಿಯಾದ ಮಾದರಿ ಬೈಲಾದಲ್ಲಿ ಮದುವೆ ಆಗದವರಿಗೆ ಮನೆ ಇಲ್ಲ ಅನ್ನುವ ಸಾಲೂ ಇಲ್ಲ. ಬಾಡಿಗೆಗೆ ಕೊಡಲು ಸೊಸೈಟಿಯ ಅನುಮತಿಯೇ ಬೇಕಾಗಿಲ್ಲ, ಅಗ್ರಿಮೆಂಟಿನ ಪ್ರತಿ ಮತ್ತು ಪೊಲೀಸ್ ಠಾಣೆಗೆ ಕೊಟ್ಟ ವಿವರದ ಪ್ರತಿ ಸೇರಿಸಿ ತಿಳಿಸಿದರೆ ಸಾಕು. 'ಬ್ಯಾಚಲರ್ ಚಾರ್ಜು' ಅಂತ ಮನಸ್ಸಿಗೆ ಬಂದಷ್ಟು ಹಾಕುವುದಕ್ಕೂ ಇಲ್ಲ. ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟಾಗ ಹಾಕುವ ನಾನ್-ಆಕ್ಯುಪೆನ್ಸಿ ಚಾರ್ಜು ಸರ್ವಿಸ್ ಚಾರ್ಜಿನ 10 ಶೇಕಡಾ ಮೀರಬಾರದು ಅಂತ 2001ರಲ್ಲೇ ಸರ್ಕಾರದ ಆದೇಶ ಆಗಿದೆ.

ಹಾಗಾದರೆ ಸುಮ್ನೆ ಕೂರಬೇಕಾ? ಇಲ್ಲ. ನೀವು ಹಿಡಿಯಬೇಕಾದದ್ದು ಹುಡುಗರನ್ನಲ್ಲ, ದುಬೈ ಸಾಹೇಬರನ್ನು. ಅವರು ಸೊಸೈಟಿಯ ಮೆಂಬರು, ಹುಡುಗರು ಅಲ್ಲ. ಅಗ್ರಿಮೆಂಟಿನಲ್ಲಿ ಇಲ್ಲದ ಎಂಟು ಜನರ ವಿವರ ಪೊಲೀಸ್ ಠಾಣೆಗೂ ಹೋಗಿರುವುದಿಲ್ಲ, ಅದು ಮಾಲೀಕರ ತಪ್ಪು. ಪ್ರತಿ ಹಾಸಿಗೆಗೆ ಬೇರೆ ಬೇರೆ ದುಡ್ಡು ತೆಗೆದುಕೊಳ್ಳುತ್ತಿದ್ದರೆ ಅದು ಮನೆ ಬಾಡಿಗೆ ಅಲ್ಲ, ಕಾಟ್ ಬೇಸಿಸ್ ಧಂದೆ. ವಾಸಕ್ಕೆ ಅಂತ ಪಾಸಾದ ಫ್ಲ್ಯಾಟಿನಲ್ಲಿ ಹಾಸ್ಟೆಲ್ ನಡೆಸುವುದರ ಬಗ್ಗೆ ಪಾಲಿಕೆಗೆ ಬರೆಯಬಹುದು. ಮೊದಲು ಮಾಲೀಕರಿಗೆ ಲಿಖಿತ ನೋಟಿಸ್ ಕೊಡಿ, ಅದನ್ನು ಜನರಲ್ ಬಾಡಿಯಲ್ಲಿ ಓದಿ ದಾಖಲಿಸಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬೈದಾಡಿದ್ದು ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ.

ನೀರಿನದ್ದೇ ನಿಜವಾದ ಸಂಕಟ ಅಂತ ನನಗೆ ಅನಿಸುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಲೆಕ್ಕದ ಅಳತೆ. ಐದು ಜನಕ್ಕೆ 675, ಹನ್ನೊಂದು ಜನಕ್ಕೆ 1,485. ಆದರೆ ಮಾದರಿ ಬೈಲಾದಲ್ಲಿ ನೀರಿನ ಖರ್ಚು ಹಂಚುವುದು ನಲ್ಲಿಗಳ ಲೆಕ್ಕದಲ್ಲಿ, ತಲೆಯ ಲೆಕ್ಕದಲ್ಲಿ ಅಲ್ಲ. ಅಂದರೆ ಎರಡನೇ ಮಹಡಿಯ ಅಜ್ಜಿ-ತಾತ ಮತ್ತು ಮೂರನೇ ಮಹಡಿಯ ಹನ್ನೊಂದು ಹುಡುಗರು ಟ್ಯಾಂಕರಿಗೆ ಒಂದೇ ದುಡ್ಡು ಕೊಡುತ್ತಿದ್ದಾರೆ! ಸಿಟ್ಟು ಬರದೆ ಇನ್ನೇನು. ಫ್ಲ್ಯಾಟಿಗೊಂದು ಮೀಟರ್ ಹಾಕಿಸುವ ಠರಾವು ಮಾಡಿ. ಬ್ಯಾಚಲರ್ ಬ್ಯಾನ್‌ಗಿಂತ ಅದು ಎಷ್ಟೋ ಮೇಲು. ಮತ್ತೆ, ಜಾಗ ಖಾಲಿ ಮಾಡಿಸುವುದಾದರೆ ಪರೀಕ್ಷೆ ಮುಗಿಯುವ ತನಕ ಟೈಮ್ ಕೊಡಿ. ಅವರಲ್ಲಿ ಬೆಳಗಾವಿ, ವಿಜಯಪುರದ ಕಡೆಯಿಂದ ಬಂದವರೂ ಇದ್ದಾರು.

ನಾವು ಹೊಟೇಲಿನಲ್ಲಿ ಕೆಲಸಕ್ಕೆ ಇದ್ದಾಗ ಒಂದು ಖೋಲಿಯಲ್ಲಿ ಎಂಟು-ಹತ್ತು ಜನ ಮಲಗುತ್ತಿದ್ದೆವು. ಯಾರೂ ಒಂದು ಮಾತು ಆಡಿದ್ದಿಲ್ಲ. ಈಗಿನವರಿಗೆ ಎಲ್ಲದಕ್ಕೂ ತಕರಾರು. ಇದು ಯಾಕೆ ಮಾರಾಯ್ರೇ?
— ಹಿರಿಯ ಓದುಗರು, ಮಾಟುಂಗಾ, ಮುಂಬೈ

ತಕರಾರು ಆವಾಗಲೂ ಇತ್ತು ಅಣ್ಣ, ಅದನ್ನು ಕೇಳುವವರು ಇರಲಿಲ್ಲ. ನಿಮ್ಮ ತಲೆಮಾರಿನವರು ಹಗಲು ಪಾತ್ರೆ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗಿ, ಹೊಟೇಲಿನ ಟೇಬಲ್ ಜೋಡಿಸಿ ಮಲಗಿದ್ದು ದೊಡ್ಡ ಸಾಧನೆ. ಅದು ಒಳ್ಳೆಯ ವ್ಯವಸ್ಥೆ ಆಗಿತ್ತು ಅನ್ನಬೇಡಿ. ಗಿರಣಿ ಕಾರ್ಮಿಕರ ಚಾಳುಗಳಲ್ಲಿ ಒಬ್ಬ ರಾತ್ರಿ ಪಾಳಿಗೆ ಎದ್ದು ಹೋದ ಮೇಲೆ ಅವನ ಜಾಗದಲ್ಲಿ ಇನ್ನೊಬ್ಬ ಮಲಗುತ್ತಿದ್ದ. ಧೋಬಿ ತಲಾವ್ ಕಡೆ ಗೋವಾದವರ 'ಕೂಡ್'ಗಳಲ್ಲಿ ಊರಿಗೊಂದು ಕ್ಲಬ್ಬು, ಗೋಡೆ ಸುತ್ತ ಪೆಟ್ಟಿಗೆಗಳು, ನಡುವೆ ಹಾಸಿಗೆ. ಜೊತೆಗೆ ಊರಿನವರಿದ್ದರು, ಕಾಯಿಲೆ ಬಿದ್ದರೆ ನೋಡುತ್ತಿದ್ದರು, ಅದಕ್ಕೇ ತಡೆದುಕೊಂಡಿರಿ.

ಇಷ್ಟಕ್ಕೂ ನೀವು ಕೂತು ಪತ್ರ ಬರೆದ ಮಾಟುಂಗಾ ಹುಟ್ಟಿದ್ದೇ ಜನ ಕಿಕ್ಕಿರಿದ ತಾಪತ್ರಯದಿಂದ. 1896ರಲ್ಲಿ ಮುಂಬೈಯ ಮಾಂಡ್ವಿಯ ಕಡೆಯಿಂದ ಪ್ಲೇಗು ಹಬ್ಬಿತು. ಗಾಳಿ-ಬೆಳಕಿಲ್ಲದ ಖೋಲಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ, ಹಳೇ ಊರಿನೊಳಗೆ ಅಗಲ ರಸ್ತೆ ಕೊರೆದರು, ಉತ್ತರಕ್ಕೆ ದಾದರ್, ಮಾಟುಂಗಾ, ಸಯನ್ ಕಡೆ ಹೊಸ ಬಡಾವಣೆ ಹಾಕಿದರು. ಆಮೇಲೆ 1947ರ ಬಾಡಿಗೆ ಕಾಯ್ದೆ ಬಂದು ಹಳೇ ಬಾಡಿಗೆಗಳು ಇದ್ದಲ್ಲೇ ನಿಂತವು. ಒಳಗಿದ್ದವರಿಗೆ ಒಳ್ಳೆಯದಾಯಿತು, ಹೊಸದಾಗಿ ಬಂದವನಿಗೆ ಪಗಡಿ (ಬಾಡಿಗೆಯಲ್ಲದೆ ಮೊದಲೇ ಕೊಡುವ ದೊಡ್ಡ ಮೊತ್ತ) ಕೊಡದೆ ಖೋಲಿ ಸಿಗದ ಹಾಗೆ ಆಯಿತು. ಮನೆ ಕೊಟ್ಟರೆ ವಾಪಸ್ ಬರುವುದಿಲ್ಲ ಅನ್ನುವ ಹೆದರಿಕೆ ಮಾಲೀಕರ ಮನಸ್ಸಿನಲ್ಲಿ ಇನ್ನೂ ಕೂತಿದೆ. 2017-18ರ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಿ ಮುಂಬೈಯಲ್ಲಿ ಸುಮಾರು 4.8 ಲಕ್ಷ ಮನೆ ಖಾಲಿ ಇವೆ ಅಂತಿತ್ತು, ದೇಶದಲ್ಲೇ ಜಾಸ್ತಿ. ಒಂದು ಕಡೆ ಬೀಗ ಹಾಕಿದ ಫ್ಲ್ಯಾಟು, ಇನ್ನೊಂದು ಕಡೆ ಹಾಲ್‌ನಲ್ಲಿ ಆರು ಹಾಸಿಗೆ. ಈಗಿನ ಹುಡುಗರು ಇದಕ್ಕೆ ತಕರಾರು ಮಾಡಿದರೆ ನಾನು ಅವರ ಕಡೆ.

ನಾನು ವಾಕಡ್‌ನಲ್ಲಿ ಪಿಜಿಯಲ್ಲಿದ್ದೇನೆ. ಒಂದು ರೂಮನ್ನು ಪ್ಲೈವುಡ್ಡಿನಿಂದ ಎರಡು ಮಾಡಿದ್ದಾರೆ, ನಮ್ಮ ಭಾಗಕ್ಕೆ ಕಿಟಕಿ ಇಲ್ಲ. ಅಗ್ರಿಮೆಂಟ್ ಇಲ್ಲ, ಡಿಪಾಜಿಟ್ ನಗದು ತೆಗೆದುಕೊಂಡಿದ್ದಾರೆ. ಹುಬ್ಬಳ್ಳಿಯಿಂದ ಅಪ್ಪ "ಅಡ್ಜಸ್ಟ್ ಮಾಡಿಕೋ" ಅಂತಾರೆ. ಏನು ಮಾಡಲಿ?
— ಓದುಗರು, ವಾಕಡ್

ಅಪ್ಪನಿಗೆ ಆ ಪ್ಲೈವುಡ್ಡಿನ ಫೋಟೋ ಕಳಿಸಮ್ಮ, ಆಮೇಲೆ ಅಡ್ಜಸ್ಟ್ ಮಾಡು ಅನ್ನುತ್ತಾರಾ ನೋಡೋಣ.

ರುಚಿ ಇಲ್ಲದ ಊಟ, ಬಾತ್‌ರೂಮಿನ ಕ್ಯೂ, ಇವನ್ನೆಲ್ಲ ಅಡ್ಜಸ್ಟ್ ಮಾಡಿಕೊಳ್ಳಬಹುದು. ಕಿಟಕಿ ಇಲ್ಲದ, ಮರದ ಗೋಡೆಯ ಕೋಣೆಯನ್ನಲ್ಲ. ಇವತ್ತು ರಾತ್ರಿ ಎರಡು ವಿಷಯ ನೋಡು. ಒಂದು, ನಿನ್ನ ಹಾಸಿಗೆಯಿಂದ ಮೆಟ್ಟಿಲ ತನಕ ಎಷ್ಟು ಬಾಗಿಲು, ಅದರಲ್ಲಿ ರಾತ್ರಿ ಬೀಗ ಹಾಕುವುದು ಯಾವುದು, ಕೀಲಿ ಯಾರ ಹತ್ತಿರ. ಇನ್ನೊಂದು, ಒಂದೇ ಪಾಯಿಂಟಿಗೆ ಎಷ್ಟು ಮಲ್ಟಿಪ್ಲಗ್ ಸಿಕ್ಕಿಸಿದ್ದಾರೆ. ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ, ನಾಲ್ಕು ಚಾರ್ಜರ್ ಒಂದೇ ವೈರಿನ ಮೇಲಿದ್ದು ಬೋರ್ಡು ಮುಟ್ಟಿದರೆ ಬಿಸಿ ಇದ್ದರೆ, ಬೇರೆ ಜಾಗ ಹುಡುಕಲು ಇದೇ ಸಾಕು.

ಡಿಪಾಜಿಟ್ಟಿಗೆ ಈಗಲೇ ಸಾಕ್ಷಿ ಮಾಡಿಕೋ. "ಇಂಥ ತಾರೀಖು ಇಷ್ಟು ಕೊಟ್ಟಿದ್ದೆ, ಇಂಥ ದಿನ ಖಾಲಿ ಮಾಡುತ್ತಿದ್ದೇನೆ, ಎಷ್ಟು ವಾಪಸ್ ಬರುತ್ತದೆ" ಅಂತ ಮೆಸೇಜು ಹಾಕು. ಅವರು ಏನೇ ಉತ್ತರ ಕೊಟ್ಟರೂ ಡಿಪಾಜಿಟ್ ತೆಗೆದುಕೊಂಡದ್ದನ್ನು ಒಪ್ಪಿದ ಹಾಗೆ. ಮುಂದಿನ ಬಾಡಿಗೆ ನಗದು ಬೇಡ, ಯುಪಿಐಯಲ್ಲೇ ಕೊಡು. ಬೇರೆ ಜಾಗ ನೋಡುವಾಗ ಮೂವರು-ನಾಲ್ವರು ಸೇರಿ ಒಂದು ಫ್ಲ್ಯಾಟು ತೆಗೆದುಕೊಂಡು, ಎಲ್ಲರ ಹೆಸರನ್ನೂ ಅಗ್ರಿಮೆಂಟಿನಲ್ಲಿ ಹಾಕಿಸಿ. ಡೊಂಬಿವ್ಲಿಯವರ ಪ್ರಶ್ನೆಗೆ ಕೊಟ್ಟ ಖರ್ಚಿನ ಲೆಕ್ಕ ಮೇಲೆ ಇದೆ, ಹಂಚಿಕೊಂಡರೆ ತಲೆಗೆ ಒಂದು ಸಿನಿಮಾ ಟಿಕೆಟಿನಷ್ಟು.

ಗೋವಾದಲ್ಲಿ ನಮ್ಮ ಸ್ವಂತ ಮನೆ, ಹಿಂದೆ ಸಾಲಾಗಿ ಐದು ರೂಮು ಕಟ್ಟಿ ಕಟ್ಟಡ ಕೆಲಸದವರಿಗೆ ಕೊಟ್ಟಿದ್ದೇನೆ. ಎಲ್ಲರೂ ಬಾಗಲಕೋಟೆ, ಗದಗ ಕಡೆಯವರು. ಅಕ್ಕಪಕ್ಕದವರು ಪಂಚಾಯಿತಿಗೆ ದೂರು ಕೊಟ್ಟಿದ್ದಾರೆ. ನಾವು ಕನ್ನಡದವರು ಅಂತ ಹೀಗೆ ಮಾಡುತ್ತಾರಾ?
— ಓದುಗರು, ವಾಸ್ಕೊ ಹತ್ತಿರ

ಸ್ವಲ್ಪ ಅದೂ ಇರಬಹುದು, ಇಲ್ಲ ಅನ್ನುವುದಿಲ್ಲ. 'ಹೊರಗಿನವರು' ಅನ್ನುವ ಮಾತು ಗೋವಾದಲ್ಲಿ ಕನ್ನಡದವರು ಎಷ್ಟು ಸಲ ಕೇಳಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಒಂದು ಸಂಗತಿ ಬರೆದೇ ಇಲ್ಲ: ಐದು ರೂಮಿಗೆ ಪಾಯಖಾನೆ ಎಷ್ಟು? ಆ ನೀರು ಎಲ್ಲಿಗೆ ಹೋಗುತ್ತದೆ? ಸೆಪ್ಟಿಕ್ ಟ್ಯಾಂಕು ನಿಮ್ಮ ಮನೆಯ ನಾಲ್ಕು ಜನಕ್ಕೆ ಅಂತ ಮಾಡಿದ್ದು, ಈಗ ಅದಕ್ಕೇ ಇಪ್ಪತ್ತು ಜನ ಸೇರಿ ಮಳೆಗಾಲದಲ್ಲಿ ಪಕ್ಕದವರ ಬಾವಿಯ ಕಡೆ ಹರಿಯುತ್ತಿದ್ದರೆ, ಅವರ ದೂರು ಭಾಷೆಯ ಮೇಲಲ್ಲ.

ರೂಮು ಕಟ್ಟುವಾಗ ಪಂಚಾಯಿತಿ ಲೈಸೆನ್ಸು ತೆಗೆದುಕೊಂಡಿದ್ದೀರಾ? ಜಾಗ ಪೂರ್ತಿ ನಿಮ್ಮದಾ, ಕೊಮುನಿದಾದ್ (ಊರಿನವರ ಸಾಮೂಹಿಕ ಒಡೆತನದ) ಜಾಗ ಸೇರಿದೆಯಾ? ಈ ಎರಡು ಕಾಗದ ಕೈಯಲ್ಲಿ ಹಿಡಿದು ಊರಿನ ಒಬ್ಬ ವಕೀಲರನ್ನು ಕಾಣಿ, ಪಂಚಾಯಿತಿ ನೋಟಿಸಿಗೆ ಅವಧಿಯೊಳಗೆ ಉತ್ತರ ಕೊಡಿ. ಬಾಡಿಗೆದಾರರ ಹೆಸರು, ಆಧಾರ್ ಪ್ರತಿ ಪೊಲೀಸ್ ಠಾಣೆಗೆ ಕೊಟ್ಟು ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಲೈಸೆನ್ಸು ಇಲ್ಲದಿದ್ದರೆ 'ನಾವು ಕನ್ನಡದವರು' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

ಇನ್ನೊಂದು. ನಿಮ್ಮ ರೂಮಿನಲ್ಲಿರುವವರ ಗುತ್ತಿಗೆದಾರ ಯಾರು? ಕಟ್ಟಡ ಕೆಲಸದವರಿಗೆ ಸೈಟಿನಲ್ಲೋ ಹತ್ತಿರದಲ್ಲೋ ಪುಕ್ಕಟೆ ತಾತ್ಕಾಲಿಕ ವಸತಿ, ಅಡುಗೆಗೆ ಬೇರೆ ಜಾಗ, ಸ್ನಾನ, ಪಾಯಖಾನೆ ಕೆಲಸ ಕೊಟ್ಟವನೇ ಮಾಡಿಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆ ಖರ್ಚು ಕೂಲಿಯವರ ಜೇಬಿನಿಂದ ನಿಮಗೆ ಬರುತ್ತಿದೆ, ಗುತ್ತಿಗೆದಾರ ಆರಾಮಾಗಿದ್ದಾನೆ. ಅವನನ್ನು ಕರೆದು, ಇನ್ನೆರಡು ಪಾಯಖಾನೆ ಮತ್ತು ದೊಡ್ಡ ಟ್ಯಾಂಕಿನ ಖರ್ಚಿನಲ್ಲಿ ಅರ್ಧ ಕೊಡು ಅನ್ನಿ. ಕೊಡದಿದ್ದರೆ ಐದರಲ್ಲಿ ಒಂದು ರೂಮು ಒಡೆದು ಆ ಜಾಗದಲ್ಲಿ ನೀವೇ ಕಟ್ಟಿಸಿ, ಮಳೆ ಶುರುವಾಗುವ ಮುಂಚೆ.